ಒಂದು ಕಣ್ಣು ಮುಚ್ಚಿ ನೋಡುವ ಕೆಲಸ

ಹಲಗೆ ನೇರ ಉಂಟೋ ಇಲ್ಲವೋ ತಿಳಿಯಲು ನಾವು ಬಡಗಿಗಳು ಅದರ ತುದಿಯನ್ನು ಕೆನ್ನೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಅಂಚಿನುದ್ದಕ್ಕೂ ನೋಡುತ್ತೇವೆ. ನಾನು ಮುಚ್ಚುವುದು ಎಡಗಣ್ಣು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನಿಗೆ ಬಲಗಣ್ಣೇ ಸರ್ಟಿಫಿಕೇಟು. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ನಾನು ಕೂರಿಸಿದ ಒಂದು ಬಾಗಿಲೂ ತಾನಾಗಿ ತೆರೆದುಕೊಂಡದ್ದಿಲ್ಲ. ಇವತ್ತಿಗೂ ಎದೆ ತಟ್ಟಿ ಹೇಳ್ತೇನೆ.

ಎಪ್ಪತ್ತರ ದಶಕದ ಕೊನೆಗೆ ಆ ಕಣ್ಣಿಗೆ ಒಂದು ಅಂಚು ಮೂರಾಗಿ ಕಾಣತೊಡಗಿತು. ಮರದ ಹುಡಿ ಬಿದ್ದಿರಬೇಕೆಂದು ಅಂಗೈಯಿಂದ ಉಜ್ಜಿದೆ. ಉಜ್ಜಿದಷ್ಟೂ ಸುಖ. ಹೆಂಡತಿ ನಂದಿಬಟ್ಟಲು ಹೂವಿನ ನೀರು ಬಿಟ್ಟಳು. ಒಂದು ದಿನ, ಜೊತೆಗೆ ಕೆಲಸ ಮಾಡುವ ಅವಳ ಅಣ್ಣ, ನನ್ನ ಭಾವ, ನನ್ನ ಕೀಸುಳಿ ಹಿಡಿದು ನಿಲ್ಲಿಸಿದ.

"ಭಾವ, ನೇರ ಇರುವ ಹಲಗೆಯನ್ನು ಯಾಕೆ ಕೀಸುವುದು? ಮರದ ಮೇಲೆ ಸಿಟ್ಟಾ?"

"ಬಾಗಿ ಉಂಟಲ್ಲ ಮಾರಾಯ."

"ಹಲಗೆ ಬಾಗಿಲ್ಲ. ನಾಳೆ ಮಂಗಳೂರಿಗೆ ಹೋಗುವ."

ಕಣ್ಣಿನ ಡಾಕ್ಟರು ಅದರ ಹೆಸರು ಕೆರಟೋಕೋನಸ್ ಎಂದರು. ಕಪ್ಪುಗುಡ್ಡೆಯ ಮೇಲಿನ ಪದರ ತೆಳುವಾಗಿ ಬುಗುರಿಯ ಹಾಗೆ ಮುಂದಕ್ಕೆ ಚೂಪಾಗುತ್ತದಂತೆ. ಎಡಗಣ್ಣಿಗೂ ಶುರುವಾಗಿತ್ತು.

"ಕನ್ನಡಕ ಸಾಲುವುದಿಲ್ಲ. ಗಟ್ಟಿ ಲೆನ್ಸ್ ಹಾಕಿದರೆ ನೇರ ಕಾಣ್ತದೆ, ರೋಗ ಗುಣವಾಗುವುದಿಲ್ಲ. ಕಣ್ಣು ಮಾತ್ರ ಉಜ್ಜಲೇಬಾರದು. ತೀರಾ ಹೆಚ್ಚಾದರೆ ಸತ್ತವರ ಕಣ್ಣಿನ ಪದರ ತಂದು ಹೊಲಿಯಬೇಕಾದೀತು."

ಲೆನ್ಸ್ ಹಾಕಿದ ದಿನ ಹಲಗೆಯ ಅಂಚು ಮತ್ತೆ ಒಂದೇ ಆಯಿತು. ಆದರೆ ಲೆನ್ಸಿನ ಅಡಿಗೆ ಒಂದು ಕಣ ಹುಡಿ ಹೋದರೆ ಬೆಂಕಿ. ಲೆನ್ಸ್ ಇಲ್ಲದೆ ಗೆರೆ ಕಾಣದು, ಇದ್ದರೆ ಹುಡಿಯಲ್ಲಿ ನಿಲ್ಲಲಾಗದು. ಆಚಾರಿಯ ಕಣ್ಣು ಹೋಯಿತೆಂದು ಸುದ್ದಿಯಾದರೆ ಯಾರು ಕರೆಯುತ್ತಾರೆ? ಮನೆಯವರ ಹೊರತು ಯಾರಿಗೂ ಹೇಳಲಿಲ್ಲ.

ಕಕ್ಕಿಂಜೆಯಲ್ಲಿ ಬಟ್ಟೆ ಅಂಗಡಿಯ ಸಾಹುಕಾರರ ಹೊಸ ಮನೆಗೆ ದಾರಂದ, ಅಂದರೆ ಬಾಗಿಲ ಚೌಕಟ್ಟು, ನಿಲ್ಲಿಸುವ ದಿನ, ನೋಡಲು ಸೇರಿದ್ದ ಅಷ್ಟು ಜನರ ಎದುರೇ ಗಾಳಿಗೆ ಹುಡಿ ಹಾರಿ ಬಂತು. ಕಣ್ಣು ಉರಿದು ನೀರು ಸುರಿಯಿತು. ಕೈ ಕಣ್ಣಿನತ್ತ ಹೋಯಿತು. ಉಜ್ಜಲಿಲ್ಲ. ಬಾವಿಕಟ್ಟೆಗೆ ಹೋಗಿ ಕೈ ತೊಳೆದು, ರೆಪ್ಪೆ ಎಳೆದು, ಲೆನ್ಸನ್ನು ಅಂಗೈಗೆ ಬೀಳಿಸಿದೆ.

"ಯಾ ಅಲ್ಲಾ! ಆಚಾರ್ರೆ, ಕಣ್ಣು ಕೈಗೆ ಬಂತಲ್ಲ!" ಸಾಹುಕಾರರು ಎರಡು ಹೆಜ್ಜೆ ಹಿಂದೆ ಸರಿದರು.

"ಕಣ್ಣಲ್ಲ, ಲೆನ್ಸ್. ಇದಿಲ್ಲದಿದ್ದರೆ ನಿಮ್ಮ ದಾರಂದ ನನಗೆ ಮೂರು ಕಾಣ್ತದೆ."

"ನಮಗೆ ಒಂದೇ ಸಾಕು ಮಾರಾಯ್ರೆ. ಹಾಕಿಕೊಂಡೇ ನಿಲ್ಲಿಸಿ. ಹುಡಿ ಮಾಡುವವರೆಲ್ಲ ಆಚೆ ಹೋಗಿ!"

ಆಮೇಲೆ ಗರಗಸ, ಕೀಸುಳಿ ಎಲ್ಲ ಭಾವನಿಗೆ. ಹುಡಿ ಅಡಗಿದ ನಂತರ ಲೆನ್ಸ್ ಹಾಕಿ ಗೆರೆ ಎಳೆಯುವುದು, ನೇರ ನೋಡುವುದು ನಾನು. ಉಳಿದ ಹೊತ್ತು ದೂರ ಕೂತು ಉಳಿ ಮಸೆಯುತ್ತಿದ್ದೆ, ಹಳೆ ಮೊಳೆ ನೆಟ್ಟಗೆ ಮಾಡುತ್ತಿದ್ದೆ. ಮೇಸ್ತ್ರಿಗೆ ಮೊಳೆ ಬಡಿಯುವ ಕೆಲಸ ಎಂದು ನಗುವವರು ನಕ್ಕರು. ನನಗೆ ಉರಿಯಲಿಲ್ಲ ಎಂದರೆ ಸುಳ್ಳು.

ಮರುವರ್ಷ ಡಾಕ್ಟರು ದೀಪ ಬಿಟ್ಟು ತುಂಬಾ ಹೊತ್ತು ನೋಡಿದರು. "ಹೆಚ್ಚಾಗಿಲ್ಲ," ಎಂದರು. ಹೊಲಿಗೆಯ ಮಾತೆತ್ತಲಿಲ್ಲ.

ಹೊರಗೆ ಕಾದಿದ್ದ ಭಾವನಿಗೆ ಹೇಳಿದೆ.

"ಹಾಗಾದರೆ ಇನ್ನೂ ಒಂದು ವರ್ಷ ಕೀಸುವುದು ನಾನೇ," ಎಂದು ಅವನು ಗೊಣಗುತ್ತಾ ಬಸ್ಸು ಹತ್ತಿ, ಗಾಳಿ ಬಡಿಯದ ಬದಿಯ ಸೀಟು ನನಗೆ ಹಿಡಿದಿಟ್ಟ.