ಪಿಕಪ್ಪಿನ ಮುಂದೆ ನಡೆದ ಬೆಳಕು

...ಅಥವಾ ಟಾರ್ಚು ಆರಿದ್ದು ಅದಕ್ಕಿಂತಲೂ ಮೊದಲೇ ಇರಬಹುದು. ಇಲ್ಲಿಗೆ ಬಂದಾಗಲೆಲ್ಲ ನನ್ನ ನೆನಪು ಎಡವುತ್ತದೆ. ಎಂಬತ್ತೈದೋ ಎಂಬತ್ತಾರೋ, ಅದನ್ನೂ ಖಚಿತವಾಗಿ ಹೇಳಲಾರೆ. ಅಬ್ಬು ಮತ್ತು ನಾನು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗಲೇ ಅದಕ್ಕೆ ಸ್ವಲ್ಪ ಸುಳ್ಳು ಸೇರಿತು. ಆದರೆ ನಡೆದದ್ದು ನಡೆದದ್ದೇ. ಸ್ಟೇರಿಂಗ್ ಹಿಡಿದು ಕೂತಿದ್ದವನು ನಾನು. ನಿದ್ದೆಯಲ್ಲಿರಲಿಲ್ಲ. ಕುಡಿದೂ ಇರಲಿಲ್ಲ.

ಮೊದಲು ಆ ಪಿಕಪ್ಪಿನ ವಿಷಯ ಹೇಳಬೇಕು.

ಬಹರೈನಿನಲ್ಲಿ ಆರು ವರ್ಷ ವಯರಿಂಗ್ ಕೆಲಸ ಮಾಡಿ ನಾನು ಕಲ್ಯಾಣಪುರಕ್ಕೆ ವಾಪಸು ಬಂದಿದ್ದೆ. ಅಬ್ಬು ಕಾಪುವಿನ ಬ್ಯಾರಿ ಮುಸ್ಲಿಂ, ಮೀನಿನ ವ್ಯಾಪಾರಿ. ನಾನು ತಂದದ್ದೆಲ್ಲ ಹಾಕಿದೆ, ಅವನು ದೋಣಿಯಲ್ಲಿದ್ದ ತನ್ನ ಪಾಲು ಮಾರಿದ. ಇಬ್ಬರಿಗೂ ಸೇರಿ ಒಂದು ಹೊಸ ಪಿಕಪ್ ಆಯಿತು. ಕಾಪುವಿನಲ್ಲಿ ಬಂಗುಡೆ ಮೀನು ತುಂಬಿಸಿ, ಮೇಲೆ ಐಸ್ ಹಾಕಿ, ಶಿರ್ವದ ದಾರಿಯಾಗಿ ಬೆಳಗಾಗುವ ಮೊದಲು ಕಾರ್ಕಳ ಮುಟ್ಟಿಸುವುದು ನಮ್ಮ ಕೆಲಸ.

ಎರಡನೇ ತಿಂಗಳಿಗೆ ದೀಪ ಕೈಕೊಟ್ಟಿತು. ಹೆಡ್‌ಲೈಟು, ಮೀಟರಿನ ದೀಪ, ಹಾರ್ನು... ಎಲ್ಲ ಒಟ್ಟಿಗೆ. ಡೀಸೆಲ್ ಎಂಜಿನ್ ಆದ್ದರಿಂದ ಅದೊಂದು ಓಡುತ್ತಿತ್ತು. ಮಂಗಳೂರಿನ ಡೀಲರ್ ಹತ್ತಿರ ಒಯ್ದರೆ ಎಲ್ಲವೂ ಚೆನ್ನಾಗಿ ಉರಿಯುತ್ತಿತ್ತು. ವಾಪಸು ತಂದ ವಾರದಲ್ಲಿ ಮತ್ತೆ ಅದೇ.

ಕಂಪನಿಗೆ ಕಾಗದ ಬರೆದೆವು. ಪರೀಕ್ಷೆಯಲ್ಲಿ ದೋಷ ಕಂಡುಬಂದಿಲ್ಲ ಎಂದು ಉತ್ತರ ಬಂತು. ಇನ್ನೊಂದು ಬರೆದೆವು, ಅದೇ ಉತ್ತರ. ಮೂರನೆಯದಕ್ಕೆ ಒಂದು ಫಾರಂ ಬಂತು. ದೀಪ ಹೋದಾಗಲೆಲ್ಲ ಜಾಗ, ಹೊತ್ತು, ದೀಪವಿಲ್ಲದೆ ಎಷ್ಟು ದೂರ ಓಡಿಸಿದಿರಿ, ಹೇಗೆ ಓಡಿಸಿದಿರಿ ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ದೋಷ ರುಜುವಾತಾದರೆ ಬೇರೆ ಗಾಡಿ ಕೊಡುತ್ತಾರೆ. ಫ್ಯೂಸಿನ ಪೆಟ್ಟಿಗೆಗೆ ಹಾಕಿದ ಸೀಸದ ಸೀಲು ಒಡೆದಿದ್ದರೆ ಮಾತ್ರ ಏನೂ ಇಲ್ಲ.

ವಯರಿನಲ್ಲೇ ಅನ್ನ ಕಂಡವನು ನಾನು. ಒಂದು ಸ್ಕ್ರೂಡ್ರೈವರ್, ಅರ್ಧ ಗಂಟೆ ಸಾಕಿತ್ತೇನೋ. ಸೀಲು ಮುಟ್ಟಲಿಲ್ಲ. ಬೇರೆ ಗಾಡಿ ಸಿಗದಿದ್ದರೆ ಇಬ್ಬರೂ ಮುಳುಗಿದಂತೆ.

ದೀಪ ಹೋದಾಗ ನಮ್ಮದೊಂದು ಕ್ರಮವಿತ್ತು. ಒಬ್ಬ ಬಿಳಿ ಮುಂಡು ಉಟ್ಟು, ಟಾರ್ಚನ್ನು ಹಿಂದಕ್ಕೆ ತಿರುಗಿಸಿ ಹಿಡಿದು, ಗಾಡಿಯ ಮುಂದೆ ನಡೆಯುವುದು. ಇನ್ನೊಬ್ಬ ಆ ಬಿಳಿಯನ್ನೇ ನೋಡುತ್ತ ಫಸ್ಟ್ ಗೇರಿನಲ್ಲಿ ಬರುವುದು.

"ನಿಮ್ಮಲ್ಲಿ ಶಿಲುಬೆ ಹಿಡಿದವ ಹೀಗೇ ಮುಂದೆ ಹೋಗುವುದಲ್ವಾ ಪೊರ್ಬುಗಳೇ?" ಎಂದು ಅಬ್ಬು ತಮಾಷೆ ಮಾಡುತ್ತಿದ್ದ. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಪೊರ್ಬು ಎನ್ನುವುದು.

"ಹೌದು ಸಾಹೇಬರೇ. ಹಿಂದೆ ಬರುವುದು ಹೆಣ."

"ಬಂಗುಡೆಯದ್ದು," ಎನ್ನುತ್ತಿದ್ದ ಅವನು.

ಆ ರಾತ್ರಿ ಶಿರ್ವ ದಾಟಿದ ಮೇಲೆ ದೀಪ ಹೋಯಿತು. ಕಂಪನಿಯ ಎಂಜಿನಿಯರ್ ಸೋಮವಾರ ಬರುವುದಿತ್ತು. ಅಬ್ಬು ಟಾರ್ಚು ಹಿಡಿದು ಇಳಿದ. ಬಾನೆಟಿಗೆ ಟಕ್ ಟಕ್ ಎಂದು ಬಡಿದದ್ದು ಕೇಳಿತು. ಹೊರಡು ಎಂದದ್ದು ಅಂದುಕೊಂಡೆ. ಮುಂದೆ ಬೆಳಕು ನಡೆಯಿತು. ನಾನು ಹಿಂದೆ ಹೋದೆ.

ಎಷ್ಟು ದೂರ? ಒಂದು ಮೈಲು ಎಂದು ಆಮೇಲೆ ಬರೆದೆವು.

ಚಪ್ಪಲಿಯ ಸಪ್ಪಳ ಕೇಳುತ್ತಿತ್ತು... ಆ ಡೀಸೆಲ್ ಎಂಜಿನ್ನಿನ ಗಲಾಟೆಯಲ್ಲಿ ಚಪ್ಪಲಿ ಹೇಗೆ ಕೇಳೀತು ಎಂದು ಆಗ ಹೊಳೆಯಲಿಲ್ಲ. ಮೀನಿನ ವಾಸನೆಯ ನಡುವೆ ವಯರು ಸುಡುವ ವಾಸನೆ ಬಂತು. ಸುಡುವುದಕ್ಕೆ ಅದರಲ್ಲಿ ಕರೆಂಟೇ ಇರಲಿಲ್ಲ.

"ಅಬ್ಬು, ಸ್ವಲ್ಪ ನಿಲ್ಲು ಮಾರಾಯ," ಎಂದೆ.

ಬೆಳಕು ನಿಲ್ಲಲಿಲ್ಲ. ಚಕ್ರದ ಕೆಳಗೆ ಡಾಂಬರಿನ ಸದ್ದು ಹೋಗಿ ಜಲ್ಲಿಯ ಸದ್ದು ಬಂತು. ಆಮೇಲೆ ಹುಲ್ಲು ಗಾಡಿಯ ಹೊಟ್ಟೆಗೆ ಉಜ್ಜತೊಡಗಿತು. ಅಬ್ಬುವಿಗೆ ದಾರಿ ಗೊತ್ತುಂಟಲ್ಲ ಎಂದುಕೊಂಡೆ.

ಆಗ ಹೆಡ್‌ಲೈಟು ತಾನಾಗಿಯೇ ಹೊತ್ತಿಕೊಂಡಿತು.

ಎದುರಿಗೆ ಮೂರು ಅಡಿ ಕೆಂಪು ನೆಲ. ಅದರಾಚೆ ಏನೂ ಇಲ್ಲ. ಮುರಕಲ್ಲು ಕಡಿದು ತೆಗೆದ ಗುಂಡಿ... ಆಳದಲ್ಲಿ ಕಪ್ಪು ನೀರು. ಮನುಷ್ಯರು ಯಾರೂ ಇರಲಿಲ್ಲ.

ಬ್ರೇಕ್ ಒತ್ತಿದ ಕಾಲನ್ನು ತೆಗೆಯಲು ಆಗಲಿಲ್ಲ. ಹಾಗೇ ಕೂತಿದ್ದೆ. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಯಾರೋ ಓಡಿಬರುವುದು ಕೇಳಿತು. ಅಬ್ಬು. ಬರಿಗಾಲು. ಕೈಯಲ್ಲಿ ಆರಿದ ಟಾರ್ಚು.

"ಎಂತ ಪೊರ್ಬುಗಳೇ, ನನ್ನನ್ನು ಬಿಟ್ಟು ಬಂದದ್ದು?"

"ನೀನು ಮುಂದೆ ಇದ್ದಿಯಲ್ಲ."

"ಇಳಿದ ಕೂಡಲೇ ಟಾರ್ಚು ಆರಿತು. ನಿಲ್ಲು ಅಂತ ಬಾನೆಟಿಗೆ ಬಡಿದೆ. ನೀನು ನನ್ನ ಪಕ್ಕದಿಂದಲೇ ಹೋದೆ. ಕೂಗಿದೆ, ತಿರುಗಿಯೂ ನೋಡಲಿಲ್ಲ."

"ಮತ್ತೆ ಮುಂದೆ ಇದ್ದ ಬೆಳಕು..."

"ಎಂತ ಬೆಳಕು?" ಎಂದವನು ಗುಂಡಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

ಮರುದಿನ ಕಾಪುವಿನಲ್ಲಿ ಅವನ ಜಗಲಿಯಲ್ಲಿ ಕೂತು ಫಾರಂ ತೆಗೆದೆ. ಅಷ್ಟು ದೂರದವರೆಗೆ ದೀಪ ಹಿಂದೆಂದೂ ಕೈಕೊಟ್ಟಿರಲಿಲ್ಲ. ನಮ್ಮ ಗಟ್ಟಿ ಸಾಕ್ಷಿ ಅದೇ, ಬಿಡುವುದು ಹೇಗೆ? 'ಹೇಗೆ ಓಡಿಸಿದಿರಿ' ಎಂಬಲ್ಲಿಗೆ ಬಂದಾಗ, "ಟಾರ್ಚು ಹಿಡಿದದ್ದು ನೀನು ಅಂತ ಬರೆಯುತ್ತೇನೆ," ಎಂದೆ.

"ನಾನು ಹಿಡಿಯಲಿಲ್ಲ."

"ಕಂಪನಿಯವರಿಗೆ ಅದೆಲ್ಲ ಯಾಕೆ? ಗಾಡಿ ಬೇಕಾ ಬೇಡವಾ ನಿನಗೆ?"

"ಬೇಕು. ಆದರೆ ನಾನು ನಡೆಯದ ದಾರಿಗೆ ನನ್ನ ಸಹಿ ಇಲ್ಲ. ಅಲ್ಲಿ ನಡೆದದ್ದು ಬೇರೆ ಯಾರೋ. ಅವರು ಮಾಡಿದ್ದಕ್ಕೆ ನನ್ನ ಹೆಸರು ಹಾಕಬೇಡ."

ಬೇರೆ ದಾರಿ ಇರಲಿಲ್ಲ. 'ಮುಂದೆ ಒಂದು ಬೆಳಕಿತ್ತು, ಯಾರದೆಂದು ತಿಳಿಯದು' ಎಂದು ಬರೆದೆ. ಅಬ್ಬು ಸಹಿ ಹಾಕಿದ.

ಸೋಮವಾರ ಎಂಜಿನಿಯರ್ ಬಂದರು. ಸೀಲು ನೋಡಿದರು, ಸರಿ ಇತ್ತು. ಸ್ವಿಚ್ ಹಾಕಿದರು, ದೀಪ ಉರಿಯಿತು. ಫಾರಂ ಓದಿದರು.

"ಮುಂದೆ ಬೆಳಕಿತ್ತು ಅಂತ ನೀವೇ ಬರೆದಿದ್ದೀರಲ್ಲ."

"ಅದು ಗಾಡಿಯದ್ದಲ್ಲ ಸಾರ್."

"ಮತ್ತೆ ಯಾರದ್ದು?"

ನಾನು ಅಬ್ಬುವನ್ನು ನೋಡಿದೆ. ಅಬ್ಬು ಕಡಲನ್ನು ನೋಡುತ್ತಿದ್ದ.

ತಿಂಗಳ ಮೇಲೆ ಕಾಗದ ಬಂತು. ಗಾಡಿಯ ಮುಂದೆ ಬೆಳಕಿದ್ದುದನ್ನು ನೀವೇ ಒಪ್ಪಿದ್ದೀರಿ, ದೀಪ ಕೆಟ್ಟಿತ್ತೆಂಬುದು ರುಜುವಾತಾಗಿಲ್ಲ, ಈ ವಿಷಯದಲ್ಲಿ ಇನ್ನು ಪತ್ರವ್ಯವಹಾರ ಇರುವುದಿಲ್ಲ ಎಂದು. ಅವರ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಅಂದೇ ಸೀಲು ಒಡೆದೆ. ಒಂದೊಂದೇ ವಯರು ಎಳೆದು ನೋಡಿದೆ. ಎಲ್ಲಿಯೂ ಸುಟ್ಟ ಗುರುತಿಲ್ಲ. ಸಡಿಲವಾದ ಒಂದು ಸ್ಕ್ರೂ ಕೂಡ ಇಲ್ಲ. ನಾನು ಸರಿಪಡಿಸಬಹುದಾದದ್ದು ಅದರೊಳಗೆ ಏನೂ ಇರಲಿಲ್ಲ.

ದೀಪ ಮತ್ತೆ ಹೋಯಿತು, ಮತ್ತೆ ಮತ್ತೆ ಹೋಯಿತು. ಮುಂದೆ ನಡೆಯಲು ಅಬ್ಬು ಇಳಿಯಲಿಲ್ಲ. ಇಳಿ ಎಂದು ನಾನೂ ಹೇಳಲಿಲ್ಲ. ಗಾಜು ಏರಿಸಿ ಬೆಳಗಾಗುವವರೆಗೆ ಒಳಗೇ ಕೂರುತ್ತಿದ್ದೆವು. ಹಿಂದೆ ಐಸ್ ಕರಗಿ ತೊಟ್ಟಿಕ್ಕುತ್ತಿತ್ತು. ಕಾರ್ಕಳದವರು ಬೇರೆಯವರಿಂದ ಮೀನು ಕೊಳ್ಳಲು ಶುರು ಮಾಡಿದರು. ಅಬ್ಬು ತಾನು ಪಾಲು ಮಾರಿದ ದೋಣಿಯಲ್ಲೇ ಕೂಲಿಗೆ ಹೋದ. ನಾನು ಮತ್ತೆ ಬಹರೈನಿಗೆ ಹೋದೆ.

ಅದು ಯಾರು, ನನ್ನನ್ನು ಗುಂಡಿಗೆ ಯಾಕೆ ಕರೆದೊಯ್ದದ್ದು, ಸರಿಯಾಗಿ ಅಲ್ಲೇ ದೀಪ ಹೊತ್ತಿಸಿದ್ದು ಯಾರು... ಒಂದೂ ನನಗೆ ಗೊತ್ತಿಲ್ಲ. ಒಂದು ಮೈಲು ಅದನ್ನೇ ನೋಡುತ್ತ ಹೋದವನು ನಾನು. ಅದು ನನಗೆ ಬೆನ್ನು ಹಾಕಿ ನಡೆಯುತ್ತಿತ್ತೋ, ಮುಖ ಮಾಡಿಕೊಂಡು ನಡೆಯುತ್ತಿತ್ತೋ, ಅದೂ ಗೊತ್ತಿಲ್ಲ.