ಅಂಗೈ ಮರೆಯ ಸುತ್ತೋಲೆ

ಅವರ ಕೆಳತುಟಿಯ ನಡುವೆ ಯಾವಾಗಲೂ ಒಂದು ನೇರಳೆ ಚುಕ್ಕೆ ಇರುತ್ತಿತ್ತು. ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಕಾಪಿಯಿಂಗ್ ಪೆನ್ಸಿಲನ್ನು ತುಟಿಗೆ ಒತ್ತಿ ಒದ್ದೆ ಮಾಡಿಕೊಂಡೇ ಬರೆಯುವ ಅಭ್ಯಾಸ. ಭಾನುವಾರ ಎಣ್ಣೆಸ್ನಾನ ಮುಗಿಸಿ ಜಗಲಿಯಲ್ಲಿ ಕೂತಾಗಲೂ ಆ ಚುಕ್ಕೆ ಹೋಗಿರುತ್ತಿರಲಿಲ್ಲ. ಅವರು ನಮ್ಮ ಕಾಲೇಜಿನ ಹೆಡ್ ಗುಮಾಸ್ತರು. ಒಂಟಿಕೊಪ್ಪಲಿನಲ್ಲಿ ನನ್ನ ಎದುರುಮನೆಯವರು. ನನಗೆ ಅಲ್ಲಿ ಮನೆ ಕೊಡಿಸಿದವರೂ ಅವರೇ.

ಐವತ್ತರ ದಶಕದ ಮಾತು. ದೆಹಲಿಯಿಂದ ಸಂಶೋಧನೆಗೆ ಸಹಾಯಧನ ಕೊಡುತ್ತಾರೆಂಬ ಸುದ್ದಿ ನಮ್ಮಂಥ ಲೆಕ್ಚರರುಗಳಿಗೆ ತಲುಪಲು ಇದ್ದದ್ದು ಒಂದೇ ದಾರಿ. ಸುತ್ತೋಲೆಯನ್ನು ಒಂದು ದಪ್ಪ ಪುಸ್ತಕಕ್ಕೆ ಅಂಟಿಸುತ್ತಿದ್ದರು. ಪುಸ್ತಕ ವಿಭಾಗದಿಂದ ವಿಭಾಗಕ್ಕೆ ಹೋಗುತ್ತಿತ್ತು. ಓದಿ, ಕೆಳಗೆ ರುಜು ಹಾಕಿ, ತಾರೀಖು ಬರೆಯಬೇಕು. ಬೇರೆ ಕಡೆ ಇದು ಜವಾನರ ಕೆಲಸ. ನಮ್ಮ ಗುಮಾಸ್ತರು ಮಾತ್ರ ಪುಸ್ತಕವನ್ನು ತಾವೇ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಮೇಜಿನ ಮೇಲೆ ಬಿಚ್ಚಿ, ಎಡ ಅಂಗೈಯನ್ನು ಹಾಳೆಯ ಮೇಲೆ ಅಗಲವಾಗಿ ಊರಿ, ಬಲಗೈ ಬೆರಳನ್ನು ರುಜುವಿನ ಜಾಗಕ್ಕೆ ಇಡುವರು. "ಏನೂ ಇಲ್ಲ ಕಣ್ರೀ ಮೇಷ್ಟ್ರೇ, ರಜಾ ನೋಟೀಸು. ಇಲ್ಲೊಂದು ರುಜು ಹಾಕ್ಬುಡಿ." ನಾವು ಹಾಕಿಬಿಡುತ್ತಿದ್ದೆವು. ಅಂಗೈ ಸರಿಸಿ ಓದುತ್ತ ಕೂತರೆ ಅವರನ್ನು ನಂಬಲಿಲ್ಲ ಎಂದಾಗುತ್ತಿತ್ತು. ನಿಜವಾಗಿ ಓದಬೇಕಾದ್ದು ಬಂದರೆ ಅವರೇ ಕೈ ತೆಗೆದು, ಕುರ್ಚಿ ಎಳೆದು ಕೂರುತ್ತಿದ್ದರು.

ನಾನು ಸಸ್ಯಶಾಸ್ತ್ರದ ಮೇಷ್ಟ್ರು. ಕುಕ್ಕರಹಳ್ಳಿ ಕೆರೆಯ ಪಾಚಿಯ ಹುಚ್ಚು ಹಿಡಿದಿತ್ತು. ಬೆಳಗ್ಗೆ ಎದ್ದು ಜಾಡಿ ಹಿಡಿದು ಹೊರಟರೆ, "ಮೇಷ್ಟ್ರು ಮಜ್ಜಿಗೆ ತರಕ್ಕೆ ಹೊಂಟ್ರು ನೋಡು" ಎಂದು ಎದುರು ಜಗಲಿಯಿಂದ ಗೇಲಿ ಬರುತ್ತಿತ್ತು. ವಿಭಾಗದ ಮೈಕ್ರೋಸ್ಕೋಪಿನ ಗಾಜು ಮಸುಕಾಗಿ ಹೋಗಿತ್ತು. ಸಹಾಯಧನ ಸಿಕ್ಕರೆ ಒಳ್ಳೆಯದೊಂದು ಬರುತ್ತಿತ್ತು, ಎರಡು ವರ್ಷ ಪಾಠದ ಹೊರೆಯೂ ತಗ್ಗುತ್ತಿತ್ತು. ನನಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅಷ್ಟೇ. ಗೇಲಿ ಮಾಡಿದವರೇ ಒಂದು ಭಾನುವಾರ ಕಚೇರಿಯ ಬೀಗ ತೆಗೆಸಿ, ನನ್ನ ಯೋಜನೆಯನ್ನು ಏಳು ಪುಟ ಟೈಪು ಮಾಡಿದರು. ಪ್ರತಿಯನ್ನು ತಮ್ಮ ಡ್ರಾಯರಿನಲ್ಲೇ ಇಟ್ಟುಕೊಂಡರು. "ಸುತ್ತೋಲೆ ಬಂದ ದಿವ್ಸವೇ ಕಳಿಸ್ಬುಡಣ. ನೀವು ನಿಶ್ಚಿಂತೆಯಾಗಿರಿ" ಎಂದರು. ನಾನು ನಿಶ್ಚಿಂತೆಯಾಗಿಯೇ ಇದ್ದೆ.

ಒಂದು ದಿನ ವಿಭಾಗಕ್ಕೆ ಮರದ ಪೆಟ್ಟಿಗೆ ಬಂತು. ಒಳಗಿನ ಹುಲ್ಲು ಸರಿಸಿದರೆ ಹೊಸ ಮೈಕ್ರೋಸ್ಕೋಪು. ಬಂದದ್ದು ನನ್ನ ಪಕ್ಕದ ಮೇಜಿನ ಕಿರಿಯ ಲೆಕ್ಚರರ ಹೆಸರಿಗೆ. ಸಹಾಯಧನ ಅವನಿಗಾಗಿತ್ತು, ವಿಭಾಗಕ್ಕೆ ಒಂದೇ ಅರ್ಜಿಯಂತೆ. ನಾನು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, ನನಗೆ ಸುದ್ದಿಯೇ ಬರಲಿಲ್ಲವೆಂದು ಕೂಗಾಡಿದೆ. ಅವರು ಪುಸ್ತಕ ತರಿಸಿದರು. ದಸರಾ ರಜೆಯ ನೋಟೀಸು, ಮುಂದಿನ ಹಾಳೆಯಲ್ಲಿ ಆ ಸುತ್ತೋಲೆ. ಕೆಳಗೆ ನನ್ನ ರುಜು, ನನ್ನದೇ ಕೈಯ ತಾರೀಖು.

"ಓದಿದೀರಲ್ರೀ?" ಎಂದರು ಪ್ರಿನ್ಸಿಪಾಲರು.

ಓದದೆ ರುಜು ಹಾಕಿದೆ ಎಂದು ಒಬ್ಬ ಮೇಷ್ಟ್ರು ಯಾವ ಬಾಯಲ್ಲಿ ಹೇಳುವುದು? ಅಲ್ಲೇ ನಿಂತು ಮೊದಲ ಸಲ ಅದನ್ನು ಓದಿದೆ. ಮೂವತ್ತೈದು ತುಂಬಿದವರಿಗೆ ಅವಕಾಶವಿಲ್ಲ ಎಂದಿತ್ತು. ರುಜು ಹಾಕಿದ ದಿನ ನನಗಿನ್ನೂ ತುಂಬಿರಲಿಲ್ಲ, ಹಿಂದಿನ ತಿಂಗಳಷ್ಟೇ ತುಂಬಿತ್ತು.

ಸಂಜೆ ಗುಮಾಸ್ತರ ಜಗಲಿ ಹತ್ತಿದೆ. ಒಳಗೆ ಮಗಳ ಮದುವೆಗೆ ಹಪ್ಪಳ ಒತ್ತುತ್ತಿದ್ದರು. ವರ ಯಾರೆಂದು ಎದುರುಮನೆಯ ನನಗೆ ಆವರೆಗೆ ಹೇಳಿರಲಿಲ್ಲ. ಜಗಲಿಯ ಮೇಲಿದ್ದ ಲಗ್ನಪತ್ರಿಕೆ ನೋಡಿದರೆ ನನ್ನ ಪಕ್ಕದ ಮೇಜಿನವನೇ.

"ನನ್ನ ಯೋಜನೇನ ನಿಮ್ಮ ಕೈಯಾರೆ ಟೈಪು ಮಾಡಿದ್ರಲ್ಲ" ಎಂದೆ.

ಅವರು ತಲೆ ಎತ್ತಲಿಲ್ಲ. "ಸಂಬಂಧ ಮುರ್ದೋಗೋದ್ರಲ್ಲಿತ್ತು ಮೇಷ್ಟ್ರೇ. ಹುಡುಗ ಕೇಳಿದ್ದು ಇದೊಂದೇ. ನಿಮ್ಗೇನು, ಮುಂದಿನ ವರ್ಷ ಬರತ್ತೆ ಬುಡಿ. ನನ್ನ ಮಗಳಿಗೆ ವರ ಮುಂದಿನ ವರ್ಷ ಬರಲ್ಲ."

ಮುಂದಿನ ವರ್ಷ! ನನ್ನ ಸರ್ವಿಸ್ ಪುಸ್ತಕದಲ್ಲಿ ಹುಟ್ಟಿದ ತಾರೀಖು ಬರೆದವರೇ ಅವರು. ಮಗಳಿಗಾಗಿ ಮಾಡಿದ ಮೋಸವನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೋ ಏನೋ. ಗೊತ್ತಿದ್ದೂ ನನ್ನ ಮುಖಕ್ಕೆ ಹೇಳಿದ ಆ ಸುಳ್ಳು ಮಾತ್ರ ಇವತ್ತಿಗೂ ಗಂಟಲಲ್ಲೇ ಇದೆ.

ಮದುವೆಗೆ ಹೋಗಲಿಲ್ಲ. ಎದುರುಬದುರು ಮನೆಯಲ್ಲಿದ್ದು ಏಳೆಂಟು ವರ್ಷ ಮಾತಿಲ್ಲದೆ ಕಳೆದೆವು. ನಾನು ಜಾಡಿ ಹಿಡಿದು ಹೊರಟರೂ ಗೇಲಿ ಕೇಳಿಬರಲಿಲ್ಲ. ಬರಬರುತ್ತ ಜಾಡಿಯೂ ಮೂಲೆ ಸೇರಿತು. ಪುಸ್ತಕವನ್ನು ಮಾತ್ರ ಅವರೇ ತರುತ್ತಿದ್ದರು. ಮೇಜಿನ ಮೇಲಿಟ್ಟು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ನಾನು ಒಂದೊಂದೇ ಸಾಲು ಓದಿ ಮುಗಿಸುವ ತನಕ ನಿಂತಿರುತ್ತಿದ್ದರು. ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಓದದೆ ಯಾವುದಕ್ಕೂ ರುಜು ಹಾಕದ ಈ ಅಭ್ಯಾಸ ಅವರಿಂದ ಬಂದದ್ದು.

ಅವರು ನಿವೃತ್ತರಾಗಿ ವರ್ಷ ತುಂಬಿರಲಿಲ್ಲ. ಒಂದು ಬೆಳಗ್ಗೆ ಎದುರುಮನೆಯ ಮುಂದೆ ಜನ ಸೇರಿದ್ದನ್ನು ಕಂಡೆ. ಒಳಗೆ ಹೋಗಲು ಕಾಲು ಬರದೆ ಕಾಲೇಜಿಗೆ ಬಂದು ಕೂತೆ. ಹನ್ನೊಂದಕ್ಕೆ ಹೊಸ ಗುಮಾಸ್ತ ಪುಸ್ತಕ ತಂದ.

"ಏನೂ ಇಲ್ಲ ಸಾರ್, ಮಧ್ಯಾಹ್ನದ ಮೇಲೆ ರಜಾ" ಎಂದ.

ಎಳೆದುಕೊಂಡು ಓದಿದೆ. ಅವರ ಸಾವಿನ ಸುತ್ತೋಲೆ. ಎಲ್ಲರ ನಂಬಿಕೆ ಗಳಿಸಿ ದುಡಿದವರು ಎಂದು ಬರೆದಿದ್ದರು. ನಂಬಿಕೆ ಎಂಬ ಪದವನ್ನು ಹೊಡೆದು ಹಾಕಬೇಕೆನ್ನಿಸಿ ಪೆನ್ನು ತೆಗೆದೆ. ಹೊಡೆಯಲಿಲ್ಲ. ಇನ್ನೊಮ್ಮೆ ಓದಿದೆ. ಅಕ್ಷರ ಎಲ್ಲ ಕಲಸಿಹೋಗಿ ಹಾಳೆಯೇ ಕಾಣದಾಯಿತು.

"ಎಲ್ಲಿ ಹಾಕ್ಬೇಕು, ಒಂಚೂರು ಬೆರಳಿಟ್ಟು ತೋರ್ಸಪ್ಪ" ಎಂದೆ.