ಸೂರಪ್ಪಯ್ಯನವರ ಮೂರನೆಯ ಚರಣ

ನನ್ನ ಮೇಜಿನ ಮೇಲೆ ಒಂದು ಕಪ್ಪು ಬಟ್ಟಲಿದೆ. ಶಾಲೆಯಿಂದ ಜೇಬಿನಲ್ಲಿ ಬಂದುಬಿಡುವ ಸೀಮೆಸುಣ್ಣದ ತುಂಡುಗಳನ್ನು ಅದರಲ್ಲಿ ಹಾಕಿಡುತ್ತೇನೆ. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು, ಇದು ಯಾವ ಮರದ್ದು, ಯಾವ ಸೀಮೆಯ ಕುಸುರಿ ಎಂದು ಕೇಳುವುದುಂಟು. ಏಕೆಂದರೆ ಅದರ ಅಂಚು ಹೂವಿನ ಎಸಳಿನಂತೆ ಅಲೆಯಲೆಯಾಗಿ ಬಾಗಿದೆ, ಒಳಗೂ ಹೊರಗೂ ಕೂದಲೆಳೆಯಷ್ಟು ಸಣ್ಣ ಗೆರೆಗಳು ಸುತ್ತಿಕೊಂಡಿವೆ. ತಳದಲ್ಲಿ ನಟ್ಟನಡುವೆ ಒಂದು ತೂತಿರುವುದನ್ನು ಕಂಡ ಮೇಲಷ್ಟೇ ಅವರ ಹುಬ್ಬು ಗಂಟಿಕ್ಕುತ್ತದೆ. ಬಟ್ಟಲಿಗೇಕೆ ತೂತು? ಅದು ಬಟ್ಟಲಲ್ಲ, ಗೆಳೆಯರೆ, ಗ್ರಾಮಫೋನು ಪ್ಲೇಟು. ಅದು ಬಟ್ಟಲಾದ ಕಥೆಯನ್ನು ಇಲ್ಲಿಯತನಕ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಕೇಳಿದವರು ಪ್ಲೇಟು ಹಾಳಾದದ್ದಕ್ಕೆ ಅಯ್ಯೋ ಎನ್ನುತ್ತಾರೆ. ಹಾಳಾದದ್ದು ಅದೊಂದೇ ಅಲ್ಲ ಎಂದು ಹೇಳುವಷ್ಟು ಧೈರ್ಯ ನನಗೆ ಬರುವುದಿಲ್ಲ.

ಕೊಪ್ಪದ ಮಿಡ್ಲ್‌ಸ್ಕೂಲಿಗೆ ಮೇಷ್ಟ್ರಾಗಿ ಬಂದ ಹೊಸದರಲ್ಲಿ ಪೇಟೆಬೀದಿಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆ. ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ. ನನಗೆ ಬೇಯಿಸಿ ಹಾಕಲೆಂದು, ತನಗೂ ಒಂದು ನೆಲೆಯಾಗಲೆಂದು, ನನ್ನ ತಂದೆಯ ಅಕ್ಕ ಗೌರತ್ತೆ ಕಿಗ್ಗದಿಂದ ಬಂದು ನನ್ನ ಜೊತೆ ನಿಂತಳು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಕೆಂಪು ಸೀರೆಯುಟ್ಟು, ದಿನಕ್ಕೊಂದು ಊಟದಲ್ಲಿ ಐವತ್ತು ವರ್ಷ ದಾಟಿದವಳು. ಅವಳಿಗಿದ್ದ ಆಸ್ತಿಯೆಂದರೆ ಒಂದು ಹಿತ್ತಾಳೆಯ ಚೊಂಬು, ಒಂದಷ್ಟು ಹಾಡು. ಚೊಂಬನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಗ್ರಾಮಫೋನು ಬಂದದ್ದು ನರಸಿಂಹರಾಜಪುರದ ಹಸನ್ ಸಾಹೇಬರ ಜವಳಿ ಅಂಗಡಿಯಿಂದ. ಸಾಹೇಬರು ತರೀಕೆರೆಯಿಂದ ಪುಟ್ಟ ಟ್ರಾಮ್ ರೈಲಿನಲ್ಲಿ ಬರುವ ಬಟ್ಟೆಗಂಟುಗಳ ಮಡಿಕೆಯೊಳಗೆ ಪ್ಲೇಟುಗಳನ್ನು ಹುದುಗಿಸಿ, ಒಂದೂ ಸೀಳದಂತೆ ತರಿಸುತ್ತಿದ್ದರು. ಜನ ನಾಟಕ ಕಂಪನಿಯ ಹೊಸ ಹಾಡುಗಳಿಗೆ ಮುಗಿಬಿದ್ದು, ಹಳೆಯ ಪ್ಲೇಟುಗಳನ್ನು ಅವರಲ್ಲೇ ಬಿಟ್ಟುಹೋಗುತ್ತಿದ್ದ ಕಾಲ ಅದು. ಹಾಗೆ ಬಿಟ್ಟುಹೋದ ಒಂದು ಪ್ಲೇಟನ್ನು, ಅದರ ಮುಂಬದಿಯಲ್ಲಿದ್ದ ಪ್ರಸಿದ್ಧವಾದ ಒಂದು ಜಾವಳಿಯ ಆಸೆಗೆ ತಂದೆ. ಜಾವಳಿ ಮುಗಿಯಿತು. ಹಿಂಬದಿಯಲ್ಲಿ ಏನಿದೆಯೋ ನೋಡೋಣವೆಂದು ತಿರುವಿ ಹಾಕಿ, ಕೀಲಿ ಕೊಟ್ಟು, ಸೂಜಿ ಇಳಿಸಿದೆ. ಪಲ್ಲವಿ ಒಂದು ಸುತ್ತು ಬರುವುದರೊಳಗೆ ಗೌರತ್ತೆ ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದಳು.

“ಇದು ನಮ್ಮ ಸೂರಪ್ಪಯ್ಯನದ್ದಲ್ಲವೇನೋ ಮಾಣಿ! ಈ ಹೆಂಗಸಿಗೆ ಇದನ್ನು ಯಾರು ಹೇಳಿಕೊಟ್ಟರು ಮಾರಾಯ?”

ಸೂರಪ್ಪಯ್ಯನವರು ಯಾರೆಂದು ನಿಮಗೆ ತಿಳಿದಿರಲಾರದು. ತಿಳಿದಿದ್ದರೆ ಈ ಪ್ರಬಂಧವನ್ನು ಬರೆಯುವ ಗರಜೇ ಇರುತ್ತಿರಲಿಲ್ಲ. ಅತ್ತೆಯ ಅಜ್ಜಿಯ ಕಾಲದಲ್ಲಿ ಕಿಗ್ಗದ ದೇವಸ್ಥಾನದಲ್ಲಿ ನೈವೇದ್ಯಕ್ಕೆ ಅಕ್ಕಿ ಆರಿಸಿಕೊಡುತ್ತ, ಆರಿಸುತ್ತಲೇ ಕೃತಿಗಳನ್ನು ಕಟ್ಟುತ್ತಿದ್ದ ಬಡವರಂತೆ. ಅದೂ ಎಂಥವು! ವಿದ್ವಾಂಸರು ಮುಟ್ಟಲು ಹಿಂಜರಿಯುವ ರಾಗಗಳಲ್ಲಿ, ಎರಡು ಚರಣಗಳಲ್ಲಿ ದೇವರನ್ನು ದಬಾಯಿಸಿ, ಮೂರನೆಯದರಲ್ಲಿ ತಾವೇ ಸೋತು ತಮ್ಮ ಗುರುತಿನ ಮಾತಾದ ಅಂಕಿತವನ್ನಿಡುವ ವಿಚಿತ್ರವಾದ ಕೃತಿಗಳು. ಶಿಷ್ಯರಿರಲಿಲ್ಲ. ಪಕ್ಕದಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ಹೆಂಗಸರು ಕಲಿತರು. ಅವರಿಂದ ಹೇಗೋ ಹಾದು ಕೆಲವು ಮೈಸೂರನ್ನು ಮುಟ್ಟಿ, ಅಲ್ಲಿಂದ ಮದರಾಸಿಗೆ ಹೋಗಿ, ಪ್ಲೇಟಿನ ಹಿಂಬದಿ ಖಾಲಿ ಉಳಿಯಬಾರದೆಂಬ ಒಂದೇ ಕಾರಣಕ್ಕೆ ಅಲ್ಲಲ್ಲಿ ಹಾಡಿಸಿಕೊಂಡಿದ್ದವು. ಪ್ಲೇಟಿನ ನಡುವಿನ ಚೀಟಿಯ ಮೇಲೆ ಅವರ ಹೆಸರಿಲ್ಲ. ಬರೀ ‘ದೇವರನಾಮ’ ಎಂದಷ್ಟೇ ಇರುತ್ತಿತ್ತು.

ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಶೃಂಗೇರಿ, ಬಾಳೆಹೊನ್ನೂರು, ಶೆಟ್ಟಿಕೊಪ್ಪ, ಎಲ್ಲಿ ಯಾರ ಮನೆಯಲ್ಲಿ ಗ್ರಾಮಫೋನು ಇದೆಯೆಂದು ಕಿವಿಗೆ ಬಿದ್ದರೂ ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಅವರು ಮುಂಬದಿ ಹಾಕಿ ಉಪಚರಿಸಿದರೆ ನಾನು ಕಾಫಿ ಕುಡಿದು ಹಿಂಬದಿಗಾಗಿ ಕಾಯುತ್ತಿದ್ದೆ. “ಎಲ್ಲರೂ ಮುಖ ನೋಡಿ ತಗೊಂಡು ಹೋಗ್ತಾರೆ, ನೀವೊಬ್ಬರು ಬೆನ್ನು ನೋಡ್ತೀರಲ್ಲ ಮೇಷ್ಟ್ರೇ, ಎಂತ ಮಾರಾಯ್ರೇ ನೀವು!” ಎಂದು ಸಾಹೇಬರು ನಗುತ್ತಿದ್ದರು, ನಗುತ್ತಲೇ ನನಗಾಗಿ ಹಳೆಯ ಪ್ಲೇಟುಗಳನ್ನು ಬೇರೆ ತೆಗೆದಿಡುತ್ತಿದ್ದರು. ತಂದದ್ದನ್ನು ಗುರುತಿಸುವ ಕೆಲಸ ಅತ್ತೆಯದು. ಹಾಡು ಶುರುವಾಗುತ್ತಿದ್ದಂತೆ ಅಡಿಗೆಮನೆಯಿಂದ “ಹೌದು” ಎಂದೋ “ಅಲ್ಲ” ಎಂದೋ ತೀರ್ಪು ಬರುತ್ತಿತ್ತು. ಒಂಬತ್ತು ವರ್ಷಗಳಲ್ಲಿ ಹನ್ನೊಂದು ‘ಹೌದು’ಗಳು ಸಿಕ್ಕವು. ಯುದ್ಧ ಶುರುವಾಗಿ ಸೂಜಿ ಸಿಗದಂತಾದಾಗ ಕಾರೆಮುಳ್ಳನ್ನು ಚೂಪು ಮಾಡಿ ಹಾಕಿ, ಗೆರೆ ಸವೆಯಬಾರದೆಂದು ಹಬ್ಬಕ್ಕೊಮ್ಮೆ ಮಾತ್ರ ಕೇಳುತ್ತಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಹನ್ನೊಂದರಲ್ಲಿ ಎಲ್ಲಕ್ಕಿಂತ ಅಪರೂಪದ್ದು ಆಹಿರಿ ರಾಗದ್ದು, ಹುಲಿಯೂರು ಚಿನ್ನಾಬಾಯಿ ಹಾಡಿದ್ದು. ಆಹಿರಿ ಹಾಡಿದರೆ ಆ ದಿನ ಅನ್ನ ಸಿಗದೆಂಬ ನಂಬಿಕೆ ನಿಮಗೂ ಗೊತ್ತಿರಬಹುದು. ಅತ್ತೆ ಅದನ್ನು ಊಟವಾಗಿ ಎಲೆ ತೆಗೆದ ಮೇಲಷ್ಟೇ ಗುನುಗುತ್ತಿದ್ದಳು. ಅವಳು ಹಾಡುವುದಕ್ಕೂ ಪ್ಲೇಟಿಗೂ ಬಹಳ ವ್ಯತ್ಯಾಸವಿತ್ತು. ಚಿನ್ನಾಬಾಯಿ ಮೂರು ನಿಮಿಷದಲ್ಲಿ, ಯಾರೋ ಹಿಂದೆ ನಿಂತು ಗದರುತ್ತಿದ್ದಾರೇನೋ ಎಂಬಂತೆ ಎರಡು ಚರಣ ಮುಗಿಸಿ, ಆ ಕಾಲದ ಗಾಯಕರ ಪದ್ಧತಿಯಂತೆ ಕೊನೆಯಲ್ಲಿ ಗಟ್ಟಿಯಾಗಿ “ನನ್ನ ಹೆಸರು ಹುಲಿಯೂರು ಚಿನ್ನಾಬಾಯಿ” ಎಂದು ಸಾರಿಬಿಡುತ್ತಾಳೆ. ಅತ್ತೆಯದಾದರೋ ಅಕ್ಕಿ ಆರಿಸುವ ಕಾಲ. ಕಲ್ಲು ಸಿಕ್ಕಲ್ಲಿ ನಿಂತು, ತೆಗೆದು, ಮುಂದೆ ಸಾಗುವ ಗತಿ. ಎರಡನೆಯ ಚರಣದಾಚೆ ಮೂರನೆಯದೂ ಇತ್ತು. ಅದರ ಕೊನೆಗೆ ಒಂದು ಮಾತು ಬಂದಾಗ ಅವಳು ಕೈ ಮುಗಿಯುತ್ತಿದ್ದಳು.

ನಾನು ಮೇಷ್ಟ್ರು. ತಿದ್ದುವುದು ನನಗೆ ಉಸಿರಾಟದಷ್ಟು ಅಭ್ಯಾಸ. ಅಚ್ಚಾದದ್ದು ಸರಿ, ಬಾಯಲ್ಲಿರುವುದು ಸಡಿಲ ಎಂಬ ಶ್ರದ್ಧೆ ನನ್ನ ವೃತ್ತಿಯ ಬೆನ್ನೆಲುಬು. “ಅತ್ತೆ, ಪ್ಲೇಟಿನಲ್ಲಿ ಹಾಗಿಲ್ಲ,” ಎನ್ನುತ್ತಿದ್ದೆ. “ಅಷ್ಟು ಎಳೆಯಬಾರದು. ಮೂರನೆಯ ಚರಣ ಅವರದ್ದಲ್ಲ, ಹೆಂಗಸರು ಅಕ್ಕಿ ಮುಗಿಯಲೆಂದು ಸೇರಿಸಿಕೊಂಡಿರಬೇಕು.” ಮೊದಮೊದಲು ಅವಳು ವಾದಿಸಿದಳು. “ನನ್ನ ಅಜ್ಜಿ ಅವರ ಎದುರೇ ಕೂತು ಕಲಿತದ್ದಲ್ಲವೇನೋ?” ಎಂದಳು. ನಾನು ಸೂಜಿಯನ್ನು ಮತ್ತೆ ಮೊದಲಿಗಿಟ್ಟು, ಬೆರಳೆತ್ತಿ, ಕೇಳು ಎಂದೆ. ಮದರಾಸಿನವರು ಯಂತ್ರದಲ್ಲಿ ಹಿಡಿದದ್ದು ಸುಳ್ಳಾಗುತ್ತದೆಯೇ ಎಂದು ಕೇಳಿದೆ. ಓದು ಬರದ ಹೆಂಗಸು, ಓದಿಸುವ ಅಳಿಯ. ವಾದ ಎಷ್ಟು ದಿನ ನಡೆದೀತು? ಕ್ರಮೇಣ ಅವಳು ಸುಮ್ಮನಾದಳು. ಸುಮ್ಮನಾದಳೆಂದರೆ ಒಪ್ಪಿದಳೆಂದೇ ತಿಳಿದು ಹಿಗ್ಗಿದೆ.

ನೋಡಿ, ಇದೇ ನನಗೆ ಇಂದಿಗೂ ಅರ್ಥವಾಗದ್ದು. ಆ ಹನ್ನೊಂದು ಹಾಡುಗಳು ಸೂರಪ್ಪಯ್ಯನವರವೆಂದು ನನಗೆ ಹೇಳಿದವಳೇ ಅವಳು. ಅವಳ ಕಿವಿಯನ್ನು ನಂಬಿ ಊರೂರು ಅಲೆದೆ, ಅವಳ ಬಾಯನ್ನು ಮಾತ್ರ ನಂಬಲಿಲ್ಲ. ಕೂಡಿಡುವವನ ಕಣ್ಣು ಹೀಗೇ ಇರುತ್ತದೆಯೋ ಏನೋ: ಕೈಯಲ್ಲಿ ಹಿಡಿಯಬಹುದಾದದ್ದೇ ಅದಕ್ಕೆ ವಸ್ತು, ಸಂಖ್ಯೆ ಹಾಕಿ ಕಪಾಟಿನಲ್ಲಿ ನಿಲ್ಲಿಸಲಾಗದ್ದು ಕಣ್ಣಿಗೇ ಬೀಳುವುದಿಲ್ಲ. ಹಬ್ಬಕ್ಕೊಮ್ಮೆ ಮಾತ್ರ ಕೇಳಬೇಕೆಂದು ಪ್ಲೇಟಿನ ಗೆರೆಗಳ ಮೇಲೆ ಇಷ್ಟೊಂದು ಕರುಣೆ ತೋರಿದವನು, ದಿನಾ ಎರಡು ಹೊತ್ತು ಎದುರಿಗೆ ಓಡಾಡುತ್ತಿದ್ದ ಹಾಡನ್ನು ನನ್ನ ಕೈಯಾರೆ ಉಜ್ಜಿ ಅಳಿಸುತ್ತಿದ್ದೆ.

ಒಂದು ಆಷಾಢದಲ್ಲಿ ಇಲಾಖೆಯ ಕೆಲಸದ ಮೇಲೆ ಶೃಂಗೇರಿಗೆ ಹೋದವನು, ತುಂಗೆ ಏರಿ ಬಸ್ಸು ನಿಂತು, ಹತ್ತು ದಿನ ಅಲ್ಲೇ ಉಳಿಯಬೇಕಾಯಿತು. ನಮ್ಮ ಕಡೆ ಆ ತಿಂಗಳಲ್ಲಿ ಚರ್ಮ, ಕಾಗದ, ಮರ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಎಲ್ಲರ ಮನೆಯಲ್ಲೂ ಇರುವುದು ಒಂದೇ ಮದ್ದು, ಬಚ್ಚಲೊಲೆಯ ಮೇಲಿನ ಅಟ್ಟ. ಹಪ್ಪಳ, ಬಿತ್ತನೆಯ ಬೀಜ, ಮನೆಯ ಪತ್ರ, ನನ್ನ ಪರೀಕ್ಷೆಯ ಸರ್ಟಿಫಿಕೇಟು, ಕಳೆದುಕೊಳ್ಳಬಾರದ್ದೆಲ್ಲ ಅಲ್ಲಿಗೇ ಏರುವುದು. ಅತ್ತೆ ಕಪಾಟು ತೆರೆದು ನೋಡಿದಳು. ಪ್ಲೇಟುಗಳ ಮೇಲೆ ಬಿಳಿ ಪೊರೆ ಕಟ್ಟಿತ್ತು. ಒಂದೊಂದನ್ನೂ ತನ್ನ ಹಳೆಯ ಸೀರೆಯ ತುಂಡಿನಿಂದ ಒರೆಸಿ, ಬಿಸಿ ಎಲ್ಲ ಕಡೆಗೂ ತಾಗಲೆಂದು ಒಂದೊಂದು ಲೋಟ ಕವುಚಿ ಅದರ ಮೇಲಿಟ್ಟು, ಹನ್ನೊಂದನ್ನೂ ಅಟ್ಟದ ಮೇಲೆ ಸಾಲಾಗಿ ಜೋಡಿಸಿದಳು. ಅವು ಬಿಸಿ ತಾಗಿದರೆ ಮೆತ್ತಗಾಗುವ ಅರಗಿನವು ಎಂದು ಅವಳಿಗೆ ಹೇಳಿದವರು ಯಾರು? ಒಂಬತ್ತು ವರ್ಷ ಅವಳಿಗೆ ರಾಗ, ತಾಳ, ಚರಣ ತಿದ್ದಿದ ನಾನು ಇದೊಂದು ಮಾತನ್ನು ಹೇಳಿರಲಿಲ್ಲ.

ಬಂದ ದಿನ ಅವಳೇ ಏಣಿ ಹಾಕಿ ತೋರಿಸಿದಳು, ಬಹಳ ಹೆಮ್ಮೆಯಿಂದ, “ಒಂದಕ್ಕೂ ಬೂಷ್ಟಿಲ್ಲ ನೋಡು,” ಎನ್ನುತ್ತ. ಹನ್ನೊಂದು ಕಪ್ಪು ಬಟ್ಟಲುಗಳು ಲೋಟಗಳ ಮೇಲೆ ಕವುಚಿಕೊಂಡಿದ್ದವು. ನಾನು ಏಣಿಯಿಂದ ಇಳಿದೆ. ಬೈಯಲಿಲ್ಲ. ಮೂರು ದಿನ ಮಾತೇ ಆಡಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ನಾಲ್ಕನೆಯ ದಿನ ಅವಳು, “ನಿನಗೆ ಶೃಂಗೇರಿಯ ನೀರು ಹಿಡಿಸಲಿಲ್ಲ ಅಂತ ಕಾಣ್ತದೆ,” ಎಂದು ಕಷಾಯ ಕಾಸಿಕೊಟ್ಟಳು.

ನೋಟುಬುಕ್ಕಿನಲ್ಲಿ ಸಾಹಿತ್ಯವಾದರೂ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ. ಪ್ಲೇಟಿನಿಂದ ಅಕ್ಷರ ತಪ್ಪದಂತೆ ಬರೆದುಕೊಂಡದ್ದು. ಅದನ್ನೇ ಲೇಖನವಾಗಿ ಬರೆದು ಮೈಸೂರಿನ ಒಂದು ಪತ್ರಿಕೆಗೆ ಕಳುಹಿಸಿದೆ. ಸೂರಪ್ಪಯ್ಯನವರ ಹೆಸರು ಒಮ್ಮೆಯಾದರೂ ಅಚ್ಚಾಗಲಿ ಎಂಬುದೊಂದೇ ಆಸೆ. ತಿಂಗಳ ಮೇಲೆ ಸಂಪಾದಕರ ಕಾಗದ ಬಂತು. ಬಹಳ ಸೌಜನ್ಯದ ಕಾಗದ. ಹನ್ನೊಂದರಲ್ಲಿ ಒಂದರಲ್ಲೂ ಅಂಕಿತವಿಲ್ಲ. ಅಂಕಿತವಿಲ್ಲದೆ ಇವೆಲ್ಲ ಒಬ್ಬರವೇ ಎಂದು ನಂಬುವುದು ಹೇಗೆ. ಕೊನೆಯ ಚರಣಗಳು ಬಿಟ್ಟುಹೋದಂತಿದೆ, ಒಂದನ್ನಾದರೂ ದೊರಕಿಸಿ ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ.

ಕಾಗದ ಕೈಯಲ್ಲಿ ಹಿಡಿದೇ ಅಡಿಗೆಮನೆಗೆ ಓಡಿದೆ. ಬೆಳಗಿನ ಹೊತ್ತು. ಅತ್ತೆ ಅಕ್ಕಿ ಆರಿಸುತ್ತಿದ್ದಳು.

“ಅತ್ತೆ, ಆ ಆಹಿರಿಯದ್ದು ಹಾಡು. ಪೂರ್ತಿ.”

“ಊಟ ಆಗಲಿ ಮಾಣಿ. ಈಗ ಹಾಡಬಾರದು.”

“ಈಗಲೇ ಹಾಡು.”

ನನ್ನ ಮುಖ ನೋಡಿ ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಹಾಡಿದಳು. ಎಂಥ ಹಾಡು! ಒಂದು ಎಳೆತವಿಲ್ಲ, ಒಂದು ನಿಲುಗಡೆಯಿಲ್ಲ, ಗದರಿಸಿಕೊಂಡವಳಂತೆ ಓಡಿ ಓಡಿ ಎರಡನೆಯ ಚರಣ ಮುಟ್ಟಿ, ಉಸಿರೆಳೆದುಕೊಂಡು, ತಲೆಯೆತ್ತಿ, ಆ ಕೆಂಪು ಸೀರೆಯ ಮಡಿ ಹೆಂಗಸು ಗಟ್ಟಿಯಾಗಿ ಸಾರಿದಳು: “ನನ್ನ ಹೆಸರು ಹುಲಿಯೂರು ಚಿನ್ನಾಬಾಯಿ.”

ಆಮೇಲೆ ನನ್ನ ಕಡೆ ತಿರುಗಿ, “ಈಗ ಸರಿಯಾಯ್ತೇನೋ? ಪ್ಲೇಟಿನ ಹಾಗೇ ಬಂತಲ್ಲ?” ಎಂದಳು.

“ಮೂರನೇ ಚರಣ ಅತ್ತೆ?”

“ಮೂರನೇದು ಎಂತದು? ಅದು ತಪ್ಪು ಅಂತ ನೀನೇ ಹೇಳಿದ್ದಲ್ಲ. ಬಿಟ್ಟುಬಿಟ್ಟೆ.”

“ತಪ್ಪಲ್ಲ. ನೆನಪು ಮಾಡಿಕೋ. ನೀನು ಕೈ ಮುಗೀತಿದ್ದೆಯಲ್ಲ, ಆ ಮಾತು ಯಾವುದು?”

ಅವಳಿಗೆ ಗಾಬರಿಯಾಯಿತು. ಮತ್ತೆ ಮೊದಲಿನಿಂದ ಹಿಡಿದಳು. ಎರಡನೆಯ ಚರಣದ ಕೊನೆಗೆ ಬಂದು ಕೈ ಜೋಡಿಸಿದಳು, ತುಟಿ ಅಲುಗಿತು, ಹೊರಗೆ ಬಂದದ್ದು ಚಿನ್ನಾಬಾಯಿಯ ಹೆಸರು. ಮೂರು ಸಲ ಹೀಗೇ ಆಯಿತು. ಕೊನೆಗೆ ಅವಳು ಜೋಡಿಸಿದ ಕೈಯನ್ನು ಮಡಿಲಿಗಿಳಿಸಿ, “ಅದು ಬರುವ ಹೊತ್ತಿಗೆ ಸರಿಯಾಗಿ ಇವಳು ಬಾಯಿಗೆ ಬರ್ತಾಳೆ ಮಾರಾಯ,” ಎಂದು ಅತ್ತಳು. ಆ ಮಾತನ್ನು ನಾನೂ ನೂರಾರು ಸಲ ಕೇಳಿದವನೇ. ಅವಳ ಕೈ ನೆನಪಿದೆ, ತುಟಿ ನೆನಪಿದೆ, ಮಾತು ನೆನಪಿಲ್ಲ. ಆಗೆಲ್ಲ ಹಾಡು ಯಾವಾಗ ಮುಗಿದೀತು, ಯಾವಾಗ ತಿದ್ದೇನು ಎಂದು ಕಾಯುತ್ತ ಕೂತಿರುತ್ತಿದ್ದೆ. ಆ ದಿನ ಬೇಯಿಸಿದ ಅನ್ನ ಹಾಗೇ ಉಳಿಯಿತು. ನಾನು ಎಲೆಯ ಮುಂದೆ ಕೂರಲಿಲ್ಲ. ನಾನು ಉಣ್ಣದೆ ಅವಳು ಉಣ್ಣುವವಳಲ್ಲ.

ಉಳಿದ ಹತ್ತರ ಮೂರನೆಯ ಚರಣವೂ ಹೀಗೇ ಅಳಿಸಿಹೋಗಿತ್ತು. ಸಂಪಾದಕರಿಗೆ ಅಂಕಿತ ದೊರಕಲಿಲ್ಲವೆಂದು ಬರೆದೆ. ಲೇಖನ ಹಿಂದೆ ಬಂತು. ಅತ್ತೆ ಮತ್ತೆರಡು ವರ್ಷ ಇದ್ದಳು, ಹಾಡಲಿಲ್ಲ. ನಾನೂ ಹಾಡೆನ್ನಲಿಲ್ಲ. ಯುದ್ಧ ಮುಗಿದು ಟ್ರಾಮಿನಲ್ಲಿ ಮತ್ತೆ ಪ್ಲೇಟು ಬರುತ್ತಿದೆಯಂತೆ. ಹಳೆಯವೂ ಒಂದಷ್ಟು ಸೇರಿವೆ, ಬೆನ್ನು ನೋಡಿ ಹೋಗಿ ಎಂದು ಸಾಹೇಬರು ಹೇಳಿಕಳುಹಿಸಿದ್ದರು. ಹೋಗಲಿಲ್ಲ. ಸೂಜಿ ಇಳಿಸಿದರೆ ಅಡಿಗೆಮನೆಯಿಂದ ಹೌದೆನ್ನುವವರು ಯಾರೂ ಇಲ್ಲ, ಅಲ್ಲವೆನ್ನುವವರೂ ಇಲ್ಲ.

ಹತ್ತು ಬಟ್ಟಲುಗಳನ್ನು ಎಸೆದು ಆಹಿರಿಯದೊಂದನ್ನು ಉಳಿಸಿಕೊಂಡಿದ್ದೇನೆ. ಅದು ಮೇಜಿನ ಮೇಲೆ ಕೂತಿರುವ ರೀತಿಯಲ್ಲಿ ಮುಂಬದಿಯ ಹಾಡಿನ ಮುಖ ಮೇಲಿದೆ, ಸೂರಪ್ಪಯ್ಯನವರ ಮುಖ ಅಡಿಯಲ್ಲಿ ಒತ್ತಿಕೊಂಡು, ಚೀಟಿ ಪೂರ್ತಿ ಸವೆದುಹೋಗಿದೆ. ಬೆಳಿಗ್ಗೆ ಅದರಿಂದ ಎರಡು ತುಂಡು ಸೀಮೆಸುಣ್ಣ ತೆಗೆದುಕೊಂಡು ಶಾಲೆಗೆ ಹೋಗುತ್ತೇನೆ. ನಿನ್ನೆ ಒಂದು ಹುಡುಗಿ ಪದ್ಯವನ್ನು ಪುಸ್ತಕದಲ್ಲಿಲ್ಲದ ಹಾಗೆ, ತನ್ನ ಅಜ್ಜಿ ಹೇಳಿಕೊಟ್ಟ ಹಾಗೆ ಹೇಳಿದಳು. ಕೊನೆಯವರೆಗೂ ಕೇಳಿದೆ. ಇಡೀ ತರಗತಿ ನನ್ನ ಮುಖವನ್ನೇ ನೋಡುತ್ತಿತ್ತು. ಆಮೇಲೆ ಬೋರ್ಡಿನ ಕಡೆ ತಿರುಗಿ, ಪುಸ್ತಕದಲ್ಲಿದ್ದಂತೆ ಬರೆದು ತಿದ್ದಿದೆ. ಅವಳು “ಸರಿ ಸಾರ್” ಎಂದು ಕೂತಳು.